ಇಲ್ಲದ ಗೋಡೆ ಮತ್ತು ನನ್ನ ಮೂಗು

ನಮ್ಮೂರಿಗೆ ಹೊಸದಾಗಿ ಬಂದವರನ್ನು ಗುರುತಿಸುವುದು ಬಹಳ ಸುಲಭ. ಅವರು ನೆಟ್ಟಗೆ ನಡೆಯುತ್ತಾರೆ. ನಾವು ಇಲ್ಲೇ ಹುಟ್ಟಿ ಬೆಳೆದವರು ಖಾಲಿ ಬಯಲಿನ ನಡುವೆ ಗಕ್ಕನೆ ನಿಂತು, ಪಕ್ಕಕ್ಕೆ ಸರಿದು, ಕಾಣದ ಹೊಸ್ತಿಲಿಗೆ ಕಾಲೆತ್ತಿ, ಸುತ್ತು ಹಾಕಿಕೊಂಡು ಹೋಗುತ್ತೇವೆ. ಕೆಡವಿದ ಕಟ್ಟಡ ನಮ್ಮೂರಲ್ಲಿ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರಲ್ಲಿ ಬಾಳಿದವರ ಮೈಗೆ ತಾಗುತ್ತದೆ. ಇದಕ್ಕೆ ನಾವು ತಡೆ ಎನ್ನುತ್ತೇವೆ. ಯಾರಿಗೆ ತಡೆ ಇದೆ, ಯಾರಿಗೆ ಇಲ್ಲ ಎಂಬುದು ಇಲ್ಲಿ ಬೆಳಗಿನ ಚಹಾದ ಜೊತೆಗಿನ ಮಾತು.

ಹಳೆಯ ಟಾಕೀಸು ಹೋಗಿ ಎಷ್ಟೋ ವರ್ಷವಾದವು. ಈಗಲೂ ನೆಲದ ಮೇಲೆ ಕೂತು ಸಿನಿಮಾ ನೋಡಿದ ಮುದುಕರು ಅಲ್ಲಿಗೆ ಬಂದರೆ ಮೈ ಅಡ್ಡ ಮಾಡಿಕೊಂಡು ಆ ಇಕ್ಕಟ್ಟಿನ ಬಾಗಿಲಿನಿಂದಲೇ ಒಳಗೆ ಹೋಗುತ್ತಾರೆ, ಅವರ ಮೊಮ್ಮಕ್ಕಳು ಪರದೆಯ ಕಡೆಯಿಂದಲೇ ಓಡಿ ಬರುತ್ತಾರೆ. ಹೊಸದಾಗಿ ಮದುವೆಯಾದ ಹುಡುಗಿ ಗಂಡನ ಕೈ ಹಿಡಿದು ಅವನ ತಾತನ ಕಾಲದ ಮನೆಯಿದ್ದ ಜಾಗ ದಾಟುವಾಗ ತಾನು ಸಲೀಸಾಗಿ ಹೋಗಿಬಿಡುತ್ತಾಳೆ, ಅವನು ಗೋಡೆಗೆ ಬಡಿದು ಅಲ್ಲೇ ನಿಲ್ಲುತ್ತಾನೆ. ಹಾಗಾಗಿ ನಮ್ಮ ಹೆಂಗಸರು ಹೊಸ ಸೊಸೆಗೆ ಮೊದಲು ಕಲಿಸುವುದು ಅಡುಗೆಯನ್ನಲ್ಲ, ಊರೊಳಗೆ ಗಂಡನ ಹಿಂದೆ ಹೇಗೆ ನಡೆಯಬೇಕೆಂಬುದನ್ನು. ಮುನಿಸಿಪಾಲಿಟಿಯವರೂ ಇದಕ್ಕೆ ಹೊಂದಿಕೊಂಡಿದ್ದಾರೆ. ಇಬ್ಬರಿಗಾದರೂ ತಡೆ ಇರುವ ಜಾಗದ ಮೇಲೆ ರಸ್ತೆ ಹಾಯಿಸುವಂತಿಲ್ಲ ಎಂಬುದು ಅವರ ನಿಯಮ. ಅದಕ್ಕೇ ನಮ್ಮೂರ ರಸ್ತೆಗಳು ಕಾರಣವಿಲ್ಲದೆ ಅಲ್ಲಲ್ಲಿ ತಿರುಗುತ್ತವೆ.

ನಾನು ದೇವಮಿತ್ರ. ಊರಿನವರಿಗೆ ಗಿರಣಿ ದೇವಮಿತ್ರ. ಅಪ್ಪನ ಕಾಲದಿಂದ ಜೋಳ, ಗೋದಿ, ಮೆಣಸಿನಕಾಯಿ ಬೀಸಿಕೊಟ್ಟು ಬದುಕಿದವನು. ಗಿರಣಿಯ ಸದ್ದಿನಲ್ಲಿ ನಲವತ್ತು ವರ್ಷ ಮಾತಾಡಿದ್ದರಿಂದ ನನ್ನ ಪಿಸುಮಾತು ಕೂಡ ಎದುರು ಓಣಿಗೆ ಕೇಳುತ್ತದೆ. ದೇವರು ಕೆಲವರಿಗೆ ಬುದ್ಧಿ ಕೊಡುತ್ತಾನೆ, ಕೆಲವರಿಗೆ ರೂಪ ಕೊಡುತ್ತಾನೆ, ನನಗೆ ಗಂಟಲು ಕೊಟ್ಟ. ಆ ಗಂಟಲಿನಿಂದ ನಾನು ಮಾಡಿದ ಅನಾಹುತದ ಕಥೆ ಇದು.

ನಮ್ಮದು ಮೆಥಡಿಸ್ಟ್ ಚರ್ಚು. ಹೆಸರಿಗೆ ಚರ್ಚು, ಗಾತ್ರಕ್ಕೆ ಒಂದು ದೊಡ್ಡ ಪಡಸಾಲೆ. ಕಲ್ಲು ಮಣ್ಣಿನ ಗೋಡೆ, ಹೆಂಚಿನ ಮಾಡು, ಮುಂದೆ ಒಂದು ಬಾಗಿಲು, ಎರಡೂ ಪಕ್ಕ ಕಿಟಕಿ. ಗಂಟೆ ನೇತುಹಾಕಲು ಗೋಪುರವಿರಲಿಲ್ಲ, ಬೇವಿನ ಮರಕ್ಕೆ ಒಂದು ರೈಲು ಕಂಬಿಯ ತುಂಡು ಕಟ್ಟಿದ್ದರು. ಪ್ರೇಮದಾಸ ಎಂಬ ನಮ್ಮ ಸಭೆಯ ಹಿರಿಯ ಅದನ್ನು ಬಡಿದರೆ ಆರಾಧನೆ ಶುರು. ಹೊಸ ಸೇತುವೆಗೆ ದಾರಿ ಅಗಲ ಮಾಡಬೇಕೆಂದು ಅದನ್ನು ಕೆಡವಿದರು. ಊರಾಚೆ ದೊಡ್ಡ ರಸ್ತೆಯ ಬದಿಗೆ ಹೊಸದು ಎದ್ದಿತು. ನೆಲಕ್ಕೆ ಟೈಲ್ಸು, ತಲೆಯ ಮೇಲೆ ಫ್ಯಾನು, ಪಾಸ್ಟರಿಗೆ ಮೈಕು. ಕೆಡವಿದ ಹೊಸತರಲ್ಲಿ ಸಭೆಯವರೆಲ್ಲ ಹಳೆಯ ಜಾಗದಲ್ಲಿ ದಬದಬ ಬಡಿದುಕೊಳ್ಳುತ್ತಿದ್ದರು. ಬರಬರುತ್ತಾ ಹೊಸ ಚರ್ಚಿನ ಫ್ಯಾನಿನ ಗಾಳಿ ತಾಗಿದವರಿಗೆ ಹಳೆಯ ಗೋಡೆ ತಾಗುವುದು ನಿಂತುಹೋಯಿತು. ಅವರನ್ನು ನಾನು ದೂರುವುದಿಲ್ಲ, ಸೆಕೆಗಾಲದಲ್ಲಿ ನಾನೂ ಫ್ಯಾನಿನ ಕೆಳಗೇ ಜಾಗ ಹಿಡಿಯುವವನು.

ಕಡೆಗೆ ಉಳಿದವರು ಸುವಾರ್ತಮ್ಮ ಟೀಚರು, ಪ್ರೇಮದಾಸ ಮತ್ತು, ಊರು ನಂಬಿದ್ದಂತೆ, ನಾನು.

ಸುವಾರ್ತಮ್ಮ ಟೀಚರು ಸಂಡೇ ಸ್ಕೂಲಿನಲ್ಲಿ ಊರಿನ ಎರಡು ತಲೆಮಾರಿನ ಕಿವಿ ಹಿಂಡಿದವರು. ಹೊಸ ಚರ್ಚಿಗೆ ಒಮ್ಮೆ ಹೋಗಿ ಬಂದು, ಅಲ್ಲಿ ಬೆನ್ನು ಕೊಡಲಿಕ್ಕೆ ಜಾಗವಿಲ್ಲ ಎಂದುಬಿಟ್ಟರು. ಆಮೇಲೆ ಪ್ರತಿ ಭಾನುವಾರ ಚಾಪೆ ಹಿಡಿದು ಹಳೆಯ ಬಯಲಿಗೇ ಬರುತ್ತಾರೆ. ಬಾಗಿಲಿದ್ದಲ್ಲಿ ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ, ಎಡಗಡೆ ಹೆಂಗಸರ ಸಾಲಿನಲ್ಲಿ ಕೂತು, ಗೋಡೆಗೆ ಒರಗುತ್ತಾರೆ. ನೋಡಿದವರಿಗೆ ಒಬ್ಬ ಮುದುಕಿ ಬಯಲಲ್ಲಿ ಗಾಳಿಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತ ಹಾಗೆ ಕಾಣುತ್ತದೆ. ಅವರ ಬೆನ್ನುಹುರಿಯಲ್ಲಿ ಏನೋ ತೊಂದರೆ. ಮನೆಯಲ್ಲಿ ಎಲ್ಲಿ ಒರಗಿದರೂ ನೋವು, ಆ ಗೋಡೆಗೆ ಒರಗಿದರೆ ಮಾತ್ರ ಇಲ್ಲ. ಭಾನುವಾರದ ಒಂದು ಹೊತ್ತು ನೋವಿಲ್ಲದೆ ಕೂಡಲಿಕ್ಕಾಗಿ ಅವರು ವಾರವಿಡೀ ಬದುಕುತ್ತಾರೆ ಎಂದರೆ ಸುಳ್ಳಲ್ಲ. ಶನಿವಾರ ಬಂದು ಕಸ ಗುಡಿಸಿ ಹೋಗುವುದೂ ಉಂಟು, ಅದೂ ಗೋಡೆಯ ಒಳಗಿನ ಕಸ ಮಾತ್ರ.

ಟೀಚರು ಅಲ್ಲಿ ಕೂತರೆಂದರೆ ಸಂಜೆಯ ಹೊತ್ತಿಗೆ ಹಳಬರು ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ, ತಡೆ ಇಲ್ಲದವರೂ. ಹಳೆಯ ಮಾತು ಶುರುವಾಗುತ್ತದೆ. ಸುಗ್ಗಿ ಹಬ್ಬಕ್ಕೆ ಕಾಣಿಕೆ ತಂದ ಹುಂಜ ಪಾಸ್ಟರ ಪ್ರಾರ್ಥನೆಯ ನಡುವೆ ಹಗ್ಗ ಬಿಚ್ಚಿಕೊಂಡು ಹಾರ್ಮೋನಿಯಂ ಮೇಲೆ ಕೂತದ್ದು, ಅದನ್ನು ಹಿಡಿಯಲು ಹೋದ ಹಿರಿಯರು ಕುಂಬಳಕಾಯಿಗಳ ಮೇಲೆ ಬಿದ್ದದ್ದು. ಕ್ರಿಸ್ಮಸ್ ನಾಟಕದಲ್ಲಿ ಹೆರೋದ ರಾಜನಿಗೆ ನಗು ತಡೆಯಲಾಗದೆ ಮಕ್ಕಳನ್ನು ಕೊಲ್ಲುವ ಅಪ್ಪಣೆ ಕೊಡದೆಯೇ ಪರದೆ ಎಳೆದದ್ದು. ಗೋಡೆಗಡಿಯಾರ ಸದಾ ಹಿಂದೆ ಓಡುತ್ತಿದ್ದುದರಿಂದ ಪಾಸ್ಟರ ಉಪದೇಶದ ಪ್ರಸಂಗ ಎಂದೂ ಹೊತ್ತಿಗೆ ಮುಗಿಯದೆ ಹೋದದ್ದು. ಈ ಮಾತುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನವು. ನಾನು ಶುರು ಮಾಡಿದರೆ ಬೇರೆಯವರಿಗೆ ಬಾಯಿ ತೆರೆಯಲು ಎಡೆಯಿರುವುದಿಲ್ಲ. ಮುಂದಿನ ಬೆಂಚಿನಲ್ಲಿ ಕೂತು ನಾನು ಕಂಡದ್ದು, ಪಾಸ್ಟರು ನನ್ನ ಮುಖ ನೋಡಿ ಪ್ರಸಂಗ ಮೊಟಕು ಮಾಡಿದ್ದು, ಹೀಗೆ ಸಲೀಸಾಗಿ ಬುರುಡೆ ಬಿಡುತ್ತಿದ್ದೆ. ಯಾರು ಯಾವ ಬೆಂಚಿನಲ್ಲಿ ಕೂತಿದ್ದರೆಂದು ಅಷ್ಟು ವರ್ಷದ ಮೇಲೆ ಯಾರಿಗೆ ನೆನಪಿರುತ್ತದೆ? ಹೊಸ ಚರ್ಚಿನ ಪಾಸ್ಟರು ಪಾಪ ಚಿಕ್ಕ ವಯಸ್ಸಿನವರು, ನನ್ನನ್ನು ಹಳೆಯ ಚರ್ಚಿನ ಕಂಬ ಎಂದು ಎಲ್ಲರಿಗೂ ಪರಿಚಯ ಮಾಡಿಸುತ್ತಿದ್ದರು.

ಈ ಕಂಬಕ್ಕೆ ತಡೆಯೇ ಇರಲಿಲ್ಲ.

ಅದು ಗೊತ್ತಾದದ್ದು ಕೆಡವಿದ ವಾರವೇ. ಚರ್ಚು ಬೀಳುವ ಹೊತ್ತಿಗೆ ನನ್ನ ಹೆಂಡತಿ ಕೃಪಾ ತೀರಿಹೋಗಿ ವರ್ಷವಾಗಿತ್ತು. ಅವಳು ಗಾಯನ ಮಂಡಳಿಯಲ್ಲಿ ಹಾಡುತ್ತಿದ್ದವಳು, ಅವಳನ್ನು ಕಳಿಸಿಕೊಟ್ಟದ್ದೂ ಆ ಬಾಗಿಲಿನಿಂದಲೇ. ಕಲ್ಲು ಮಣ್ಣನ್ನೆಲ್ಲ ಸಾಗಿಸಿದ ಮೇಲೆ ಒಂದು ಮಧ್ಯಾಹ್ನ ಯಾರೂ ಇಲ್ಲದ ಹೊತ್ತು ನೋಡಿ ನಾನು ಅಲ್ಲಿಗೆ ಹೋದೆ. ಹೋಗಿ ಗೋಡೆಗೆ ಹಣೆ ಹಚ್ಚಿ ಸ್ವಲ್ಪ ಅಳಬೇಕು ಎಂಬುದು ಮನಸ್ಸಿನಲ್ಲಿತ್ತು. ಹಣೆ ಮುಂದೆ ಮಾಡಿದೆ. ಗೋಡೆ ಸಿಗಲಿಲ್ಲ. ಇನ್ನೊಂದು ಹೆಜ್ಜೆ ಹೋದೆ, ಮತ್ತೊಂದು ಹೋದೆ, ಆಚೆಯ ಗೋಡೆಯನ್ನೂ ದಾಟಿ ಬೇವಿನ ಮರದ ಹತ್ತಿರ ಬಂದು ನಿಂತಿದ್ದೆ. ನೊಣ ಒಳಗೆ ಹೋಗಿ ಹೊರಗೆ ಬಂದಷ್ಟು ಸಲೀಸು. ಅಳುವುದು ಮರೆತುಹೋಯಿತು. ಅಷ್ಟು ವರ್ಷ ಪ್ರತಿ ಭಾನುವಾರ ಬಂದವನನ್ನು, ಅವಳ ಗಂಡನನ್ನು, ಆ ಗೋಡೆ ಹಸು ಕರುಗಳ ಲೆಕ್ಕಕ್ಕೆ ಹಾಕಿತ್ತು.

ಮರುದಿನದಿಂದ ನಾನು ನಟನೆ ಶುರು ಮಾಡಿದೆ. ಅದಕ್ಕೂ ಒಂದು ಕಲೆ ಬೇಕು. ನಡೆಯುತ್ತಾ ಬಂದು ಥಟ್ಟನೆ ನಿಲ್ಲಬೇಕು, ತಲೆ ಸ್ವಲ್ಪ ಹಿಂದೆ ಹೋಗಬೇಕು, ಮೂಗು ಹಿಡಿದುಕೊಂಡು ಯಾರಿಗೋ ಬೈದ ಹಾಗೆ ಗೊಣಗಬೇಕು. ನಾನು ಕನ್ನಡಿಯ ಮುಂದೆ ಕಲಿತೆ. ಆಮೇಲಾಮೇಲೆ ಎಷ್ಟು ಪಳಗಿದೆನೆಂದರೆ, ಊರಿನವರು ತಮ್ಮ ನೆಂಟರಿಗೆ ತಡೆ ಎಂದರೇನೆಂದು ತೋರಿಸಲು ನನ್ನನ್ನೇ ಕರೆಸುತ್ತಿದ್ದರು. ನಾನೂ ಬೀಗುತ್ತಾ ಹೋಗಿ ಇಲ್ಲದ ಗೋಡೆಗೆ ಇದ್ದ ಮೂಗನ್ನು ಬಡಿದು ತೋರಿಸಿ ಬರುತ್ತಿದ್ದೆ. ನಾಚಿಕೆಯಾಗುತ್ತಿರಲಿಲ್ಲವೇ ಎಂದರೆ, ಆಗುತ್ತಿತ್ತು. ಆದರೆ ಜನ ಮೆಚ್ಚುವಾಗ ನಾಚಿಕೆ ಬಾಯಿಗೆ ಬರುವುದಿಲ್ಲ.

ನನಗೇಕೆ ತಡೆಯಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಮದುವೆಯಾದ ಹೊಸತರಲ್ಲಿ ಕೃಪಾ ನನ್ನನ್ನು ಚರ್ಚಿಗೆ ಎಳೆದುಕೊಂಡು ಹೋದಳು. ಭಾನುವಾರ ಸಂತೆಯ ದಿನ, ಗಿರಣಿಗೆ ಕೈತುಂಬ ಕೆಲಸ, ಆದರೂ ಹೊಸ ಹೆಂಡತಿ ಕರೆದರೆ ಯಾರು ಹೋಗುವುದಿಲ್ಲ? ಮೊದಲ ಕೀರ್ತನೆಗೆ ನಾನೂ ದನಿಗೂಡಿಸಿದೆ. ಹಾರ್ಮೋನಿಯಂ ನಿಂತಿತು. ತಬಲಾ ನಿಂತಿತು. ಮಕ್ಕಳು ನಗಲು ಶುರು ಮಾಡಿ ನಿಲ್ಲಿಸಲೇ ಇಲ್ಲ. ಎರಡನೆಯ ಭಾನುವಾರವೂ ಅದೇ ಆಯಿತು. ಮೂರನೆಯ ಭಾನುವಾರ ಸುವಾರ್ತಮ್ಮ ಟೀಚರು ಬಾಗಿಲಲ್ಲೇ ನನ್ನನ್ನು ತಡೆದು, ಬಹಳ ಪ್ರೀತಿಯಿಂದ, ಆರಾಧನೆ ಮುಗಿದ ಮೇಲೆ ಎಲ್ಲರಿಗೂ ಚಹಾ ಆಗಬೇಕು, ಅದನ್ನು ನಿಮ್ಮಂಥ ಗಟ್ಟಿ ಆಳೇ ನೋಡಿಕೊಳ್ಳಬೇಕು ಎಂದರು. ನನಗೆ ದೊಡ್ಡ ಪದವಿ ಸಿಕ್ಕಷ್ಟು ಖುಷಿಯಾಯಿತು. ಚರ್ಚಿನ ಹಿಂದೆ ನಾನೇ ಒಂದು ತಗಡಿನ ಶೆಡ್ಡು ಎಬ್ಬಿಸಿದೆ. ಒಲೆ ಹೂಡಿದೆ. ಅಲ್ಲಿಂದಾಚೆ ಪ್ರತಿ ಭಾನುವಾರ ಒಳಗೆ ಅವರು ಹಾಡುತ್ತಿದ್ದರು, ಹೊರಗೆ ನಾನು ಚಹಾ ಕುದಿಸುತ್ತಿದ್ದೆ. ಯಾರು ಯಾವಾಗ ಕೆಮ್ಮಿದರು, ಪ್ರಸಂಗದಲ್ಲಿ ಯಾರು ಗೊರಕೆ ಹೊಡೆದರು, ಕೃಪಾ ಯಾವ ಸಾಲಿನಲ್ಲಿ ಉಸಿರು ಎಳೆದುಕೊಂಡಳು ಎಲ್ಲ ಗೊತ್ತು. ಒಳಗಿನ ಗೋಡೆಗೆ ಯಾವ ಬಣ್ಣವಿತ್ತೆಂದು ಕೇಳಿದರೆ ಮಾತ್ರ ನಾನು ಬೇರೆ ಮಾತು ತೆಗೆಯುತ್ತಿದ್ದೆ.

ಆ ಶೆಡ್ಡಿನ ವಿಚಾರವನ್ನೂ ಹೇಳಿಬಿಡುತ್ತೇನೆ. ಬಾಗಿಲ ಮೇಲೆ ಹಾಕಲು ಗಿರಣಿಯ ಹಳೆಯ ತೊಲೆಯೊಂದು ಸಿಕ್ಕಿತು. ಎಷ್ಟು ಎತ್ತರಕ್ಕೆ ಹಾಕಬೇಕೆಂದು ಅಳೆಯಲು ಕೃಪಾಳನ್ನು ನಿಲ್ಲಿಸಿ, ಅವಳ ನೆತ್ತಿಯಿಂದ ನಾಲ್ಕು ಬೆರಳು ಮೇಲೆ ಗುರುತು ಮಾಡಿ, ಗಟ್ಟಿಯಾಗಿ ಕೂರಿಸಿದೆ. ಒಳಗೆ ಓಡಾಡುವವನು ನಾನು, ನಾನು ಅವಳಿಗಿಂತ ಒಂದು ಗೇಣು ಎತ್ತರ ಎಂಬುದು ಮೊದಲ ಸಲ ತಲೆ ಹೊಡೆದಾಗ ನೆನಪಾಯಿತು. ಬಿಚ್ಚಿ ಮತ್ತೆ ಹಾಕುತ್ತೇನೆಂದು ವರ್ಷಗಟ್ಟಲೆ ಹೇಳಿದೆ. ಹಾಕಲಿಲ್ಲ. ಹಣೆಯ ಮೇಲೆ ಒಂದು ಬುಗುಟು ಕಾಯಮ್ಮಾಗಿ ಕೂತಿತು. ಆರಾಧನೆ ಮುಗಿದೊಡನೆ ಎಲ್ಲರಿಗಿಂತ ಮೊದಲು ಅವಳು ಓಡಿ ಬರುತ್ತಿದ್ದಳು, ನಾನು ಕೆಟಲಿ ಹಿಡಿದು ಹೊರಗೆ ಬರುವುದನ್ನು ನೋಡಿ, ಬಗ್ಗಿ ಬರ್ರಿ, ಬಗ್ಗಿ ಬರ್ರಿ ಎನ್ನುತ್ತಿದ್ದಳು. ಅಷ್ಟರಲ್ಲಿ ಹೊಡೆದಿರುತ್ತಿತ್ತು. ಚರ್ಚು ಕೆಡವಿದ ದಿನ ಆ ಶೆಡ್ಡನ್ನು ಕೆಡವಲು ಯಂತ್ರ ಕೂಡ ಬೇಕಾಗಲಿಲ್ಲ, ಇಬ್ಬರು ಆಳು ತಳ್ಳಿಬಿಟ್ಟರು. ಆಮೇಲೆ ಅಲ್ಲಿ ಜಾಲಿ ಬೆಳೆಯಿತು. ಮುಂದಿನ ಬೆಂಚಿನವನು ಹಿಂದಿನ ಜಾಲಿಯ ಕಡೆ ಯಾಕೆ ಹೋಗುತ್ತಾನೆ? ನಾನು ಆ ಕಡೆ ತಲೆ ಹಾಕಿರಲಿಲ್ಲ.

ಹೋದ ಬೇಸಿಗೆಯಲ್ಲಿ ಪ್ರೇಮದಾಸ ತೀರಿಕೊಂಡ. ಮಣ್ಣು ಮುಗಿಸಿ ಬಂದ ಸಂಜೆಯೇ ನನಗೆ ಹೊಳೆದದ್ದು, ಇನ್ನು ಟೀಚರ ಗೋಡೆ ನಿಲ್ಲಬೇಕಾದರೆ ತಡೆ ಇರುವ ಎರಡನೆಯವನು ನಾನೇ ಎಂದು. ಹದಿನೈದು ದಿನಕ್ಕೆ ಸರಿಯಾಗಿ ಮುನಿಸಿಪಾಲಿಟಿಯಿಂದ ಸುದ್ದಿ ಬಂತು. ಬರುವ ಭಾನುವಾರ ಅಳತೆಯ ಸಾಹೇಬರು ಶರಭಯ್ಯನವರು ಬಂದು ತಡೆ ನೋಡುತ್ತಾರೆ, ಇಬ್ಬರಿಗೆ ಇಲ್ಲವೆಂದರೆ ಸೋಮವಾರ ಜಲ್ಲಿ ಬೀಳುತ್ತದೆ. ಊರಿನವರು ನಿಶ್ಚಿಂತೆಯಿಂದಿದ್ದರು. ಟೀಚರು ಇದ್ದಾರೆ, ದೇವಮಿತ್ರ ಇದ್ದಾನೆ, ಇನ್ನೇನು ಎಂದರು. ಪಾಸ್ಟರಂತೂ ನನ್ನ ಬೆನ್ನು ತಟ್ಟಿದರು. ನಾನು ಮನೆಗೆ ಬಂದು ಊಟ ಬಿಟ್ಟು ಕೂತೆ.

ಶರಭಯ್ಯನವರು ಮೂಗು ಹಿಡಿದು ಗೊಣಗುವವರಿಗೆಲ್ಲ ಮಣಿಯುವ ಆಸಾಮಿಯಲ್ಲ. ಬೇರೆ ಬೇರೆ ಓಣಿಗಳಲ್ಲಿ ಜಾಗ ಉಳಿಸಿಕೊಳ್ಳಲು ನಟಿಸುವವರನ್ನು ಕಂಡು ಕಂಡು ಅವರು ಒಂದು ಉಪಾಯ ಮಾಡಿದ್ದರು. ಟವೆಲಿನಿಂದ ಕಣ್ಣು ಕಟ್ಟಿ, ನಿಂತಲ್ಲೇ ಗಿರಗಿರ ತಿರುಗಿಸಿ, ನಡಿ ಎಂದು ಬಿಡುತ್ತಿದ್ದರು. ತಡೆ ಇದ್ದವನು ತಾಗಿ ನಿಲ್ಲುತ್ತಾನೆ. ಇಲ್ಲದವನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಸಿಕ್ಕಿಬೀಳುತ್ತಾನೆ.

ನಾನೂ ಉಪಾಯಗಾರನೇ. ಬರಿಗಾಲಿನಲ್ಲಿ ಹೋದರೆ, ಗೋಡೆಯಿದ್ದ ಉದ್ದಕ್ಕೂ ಕಾಲಿಗೆ ಸಿಗುವಂಥ ಏನಾದರೂ ಉದುರಿಸಿಟ್ಟರೆ ಸಾಕಲ್ಲವೇ? ಜೋಳ ಉದುರಿಸಿದರೆ ಗುಬ್ಬಿ ತಿನ್ನುತ್ತದೆ, ಕಲ್ಲು ಇಟ್ಟರೆ ಕಣ್ಣಿಗೆ ಕಾಣುತ್ತದೆ. ಹುಣಸೆಬೀಜ! ಅದನ್ನು ಯಾವ ಹಕ್ಕಿಯೂ ಮುಟ್ಟುವುದಿಲ್ಲ, ಮಣ್ಣಿನ ಬಣ್ಣದಲ್ಲೇ ಇರುತ್ತದೆ. ಶನಿವಾರ ಟೀಚರು ಗುಡಿಸಿ ಹೋಗುವುದನ್ನೇ ಕಾದಿದ್ದು, ಸಂಜೆ ವಾಯುವಿಹಾರಕ್ಕೆ ಬಂದವನ ಹಾಗೆ ಕೈ ಹಿಂದೆ ಕಟ್ಟಿಕೊಂಡು ನಾಲ್ಕೂ ಗೋಡೆಯ ಗುಂಟ ಬೀಜ ಉದುರಿಸುತ್ತಾ ಹೋದೆ. ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಹಾಸಿಗೆಯ ಮೇಲೆ ಬಿದ್ದು, ಆ ಮುದುಕಿಯ ಬೆನ್ನು ಉಳಿಸಿದ ಪುಣ್ಯ ನನ್ನದು ಎಂದು ನನ್ನನ್ನು ನಾನೇ ಹೊಗಳಿಕೊಂಡೆ.

ಭಾನುವಾರ ಬಯಲಿನ ತುಂಬ ಜನ. ಹೊಸ ಚರ್ಚಿನಲ್ಲಿ ಆಶೀರ್ವಾದ ಮುಗಿದದ್ದೇ ತಡ ಎಲ್ಲರೂ ಬಂದಿದ್ದರು. ಮೊದಲು ಟೀಚರ ಪರೀಕ್ಷೆ. ವಯಸ್ಸಾದವರನ್ನು ತಿರುಗಿಸುವುದು ಬೇಡವೆಂದು ಶರಭಯ್ಯನವರು ಅವರು ಒರಗಿ ಕೂತ ಕಡೆ ಹೋಗಿ, ಬೆನ್ನ ಹಿಂದೆ ಕೈ ಆಡಿಸಿ ನೋಡಿದರು. ಅವರ ಕೈಗೆ ಗಾಳಿ ಸಿಕ್ಕಿತು. ಟೀಚರ ಬೆನ್ನು ಅಲುಗಲಿಲ್ಲ. ಸಾಹೇಬರು ತಲೆಯಾಡಿಸಿ ನನ್ನ ಕಡೆ ತಿರುಗಿದರು.

ನಾನು ಚಪ್ಪಲಿ ಕಳಚಿ ಗತ್ತಿನಿಂದ ಮುಂದೆ ಬಂದೆ. ಟವೆಲು ಕಣ್ಣ ಹತ್ತಿರ ಬಂದಾಗ ಒಮ್ಮೆ ನೆಲ ನೋಡಿದೆ. ನೆಲ ಲಕಲಕ ಹೊಳೆಯುತ್ತಿತ್ತು. ಒಂದು ಕಸದ ಕಡ್ಡಿ ಕೂಡ ಇರಲಿಲ್ಲ. ಬಾಗಿಲಿದ್ದ ಕಡೆ ಪೊರಕೆ ಮಲಗಿಸಿಟ್ಟಿತ್ತು, ಅದರ ಪಕ್ಕದಲ್ಲಿ ಹುಣಸೆಬೀಜದ ಒಂದು ಪುಟ್ಟ ರಾಶಿ. ಸಾಹೇಬರು ಬರುತ್ತಾರೆಂದು ಟೀಚರು ಬೆಳಿಗ್ಗೆ ಮತ್ತೆ ಬಂದು ಗುಡಿಸಿದ್ದರು. ನಾನು ಅವರ ಮುಖ ನೋಡಿದೆ. ಅವರು ಬೇವಿನ ಮರ ನೋಡುತ್ತಿದ್ದರು. ಅಷ್ಟರಲ್ಲಿ ಕಣ್ಣು ಕತ್ತಲಾಯಿತು.

ತಿರುಗಿಸಿದರು. ಗಿರಣಿಯಲ್ಲಿ ಕಾಳು ತಿರುಗುವುದನ್ನು ಜೀವಮಾನವೆಲ್ಲ ನೋಡಿದ್ದೆ, ಕಾಳಿಗೆ ಹೇಗಾಗುತ್ತದೆಂದು ಅವತ್ತು ತಿಳಿಯಿತು. ನಡೀರಿ ಎಂದರು. ನಾನು ನಡೆದೆ. ಎಲ್ಲಿ ನಿಲ್ಲಬೇಕೋ ಗೊತ್ತಿಲ್ಲ. ಸುಮ್ಮನೆ ಒಂದು ಕಡೆ ನಿಂತು ಮೂಗು ಹಿಡಿದುಕೊಳ್ಳೋಣ ಎಂದು ಕೈ ಎತ್ತಿದೆ. ಅದು ಗೋಡೆಯ ಜಾಗ ಅಲ್ಲವಾದರೆ? ಕೈ ಇಳಿಸಿ ಇನ್ನೊಂದು ಹೆಜ್ಜೆ ಇಟ್ಟೆ. ಜನರ ಸದ್ದು ನಿಂತಿತು. ಆ ಸದ್ದು ನಿಂತದ್ದರಿಂದಲೇ ತಿಳಿಯಿತು, ನಾನು ಗೋಡೆ ದಾಟಿ ಒಳಗೆ ಬಂದಿದ್ದೇನೆ, ಎಲ್ಲರೂ ನೋಡಿದ್ದಾರೆ ಎಂದು.

ಆಗ ನಿಲ್ಲಬೇಕಾಗಿತ್ತು. ಟವೆಲು ಬಿಚ್ಚಿ ತಪ್ಪಾಯಿತು ಎನ್ನಬೇಕಾಗಿತ್ತು. ನನ್ನ ಕಾಲು ನಿಲ್ಲಲಿಲ್ಲ. ಕಣ್ಣು ಕಟ್ಟಿದ್ದರಿಂದ ನಾಚಿಕೆ ಕಡಿಮೆಯಿತ್ತೋ ಏನೋ, ಮನಸ್ಸಿನಲ್ಲಿ ಬೇಡಿಕೊಳ್ಳಲು ಶುರು ಮಾಡಿದೆ. ಒಂದು ಕಡೆಯಾದರೂ ನನ್ನನ್ನು ತಡಿ. ಆ ಮುದುಕಿಗಾಗಿಯಾದರೂ ತಡಿ. ಇಲ್ಲ, ಸುಳ್ಳು ಯಾಕೆ, ಕೃಪಾಳಿಗಾಗಿ ತಡಿ. ಅವಳು ಹಾಡಿದ ಜಾಗ ಇದು, ನಾನು ಹೊರಗಿನವನಾಗಿ ಹೇಗೆ ಸಾಯಲಿ? ಬೆಂಚುಗಳಿದ್ದಲ್ಲಿ ಹಾದೆ, ಯಾವ ಬೆಂಚೂ ಮೊಣಕಾಲಿಗೆ ತಾಗಲಿಲ್ಲ. ಬಲಿಪೀಠ ಇದ್ದಲ್ಲಿ ಹಾದೆ. ಪಾಸ್ಟರು ಬೇಡ ಅಣ್ಣಾ, ಸಾಕು ಎಂದದ್ದು ಕೇಳಿಸಿತು. ಕಾಲಿಗೆ ಜಾಲಿಮುಳ್ಳು ಚುಚ್ಚಿತು. ಹಿಂದಿನ ಗೋಡೆಯನ್ನೂ ದಾಟಿ ಬಂದಿದ್ದೇನೆ ಎಂದುಕೊಂಡೆ. ಯಾರೋ ಕಿಸಕ್ಕನೆ ನಕ್ಕರು. ಇನ್ನೊಂದು ಹೆಜ್ಜೆ ಇಟ್ಟೆ.

ಢಣ್ ಎಂದು ಹಣೆಗೆ ಹೊಡೆಯಿತು.

ಇದು ನಟನೆಯ ಪೆಟ್ಟಲ್ಲ. ಕಣ್ಣೊಳಗೆ ಬೆಂಕಿ ಹಾರಿತು, ನಾನು ಜಾಲಿಯ ಮೇಲೇ ಕುಕ್ಕರಿಸಿದೆ. ಎಲ್ಲರೂ ಓಡಿ ಬಂದರು. ಟವೆಲು ಬಿಚ್ಚಿದಾಗ ಹಣೆಯ ಮೇಲೆ ಬುಗುಟು ಏಳುತ್ತಿತ್ತು, ಸರಿಯಾಗಿ ಹಳೆಯ ಜಾಗದಲ್ಲೇ. ನಾನು ಕೂತಲ್ಲಿಂದ ಕೈ ಮೇಲೆತ್ತಿದೆ. ಏನೂ ಸಿಗಲಿಲ್ಲ. ಎದ್ದು ನಿಂತು ಎತ್ತಿದೆ, ಬೆರಳಿಗೆ ಮರ ಸಿಕ್ಕಿತು. ಗಿರಣಿಯ ತೊಲೆ. ಅದರ ಒರಟು, ಅದರಲ್ಲಿ ನಾನೇ ಬಡಿದ ಮೊಳೆ. ಅದರ ಕೆಳಗೆ ನಾಲ್ಕು ಬೆರಳು ಹಿಡಿದು ನೋಡಿದೆ. ಅಲ್ಲಿಗೆ ಬರಬೇಕು ಅವಳ ನೆತ್ತಿ. ಅಷ್ಟು ಜನರೆದುರು ನಾನು ಗಿರಣಿಯ ಗಂಟಲಿನಲ್ಲಿ ಅತ್ತೆ. ಎದುರು ಓಣಿಯವರೂ ಹೊರಗೆ ಬಂದು ನೋಡಿದರಂತೆ.

ಶರಭಯ್ಯನವರು ಕೆಟ್ಟವರಲ್ಲ, ಆದರೆ ಅಳತೆಯವರು. ನನ್ನ ಅಳು ಇಳಿಯುವವರೆಗೆ ಕಾದು, ಹಣೆ ಮುಟ್ಟಿ ನೋಡಿ, ಪೆಟ್ಟು ಖರೆ ಎಂದು ಒಪ್ಪಿದರು. ಆದರೆ ತಮ್ಮ ನಕ್ಷೆಯಲ್ಲಿ ಚರ್ಚು ಎಂದರೆ ನಾಲ್ಕು ಗೋಡೆ, ಈ ತಗಡಿನ ಶೆಡ್ಡು ಅದರಲ್ಲಿ ಎಲ್ಲೂ ಇಲ್ಲ ಎಂದರು. ಚರ್ಚಿಗೆ ಒಬ್ಬರೇ ಆದರಲ್ಲ ಎಂದು ತಾವೇ ಬೇಜಾರು ಮಾಡಿಕೊಂಡರು. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ.

ಸುವಾರ್ತಮ್ಮ ಟೀಚರು ಅಷ್ಟರಲ್ಲಿ ಗೋಡೆ ಬಿಟ್ಟು ಎದ್ದು, ಬಾಗಿಲಿನಿಂದ ಹೊರಗೆ ಬಂದು, ಇಡೀ ಚರ್ಚಿಗೆ ಸುತ್ತು ಹಾಕಿಕೊಂಡು ಹಿಂದಕ್ಕೆ ಬರುತ್ತಿದ್ದರು. ಬೆನ್ನು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತಾ ಬಂದರು. ಬಂದವರು ನನ್ನನ್ನು ನೋಡಲಿಲ್ಲ, ಸಾಹೇಬರನ್ನು ನೋಡಿದರು.

“ಇವನನ್ನ ಒಳಗ ಬ್ಯಾಡ ಅಂತ ಹೊರಗ ನಿಲ್ಲಿಸಿದಾಕಿ ನಾನು,” ಎಂದರು. “ಹಾಡು ಕೆಡತದ ಅಂತ ಕಳಿಸಿದೆ. ಇಂವ ಇಷ್ಟು ವರ್ಷ ಒಂದ ಐತವಾರ ತಪ್ಪಿಸಲಿಲ್ಲ. ಇವನ ಚಹಾ ಕುಡೀದ ಯಾರೂ ಮನಿಗೆ ಹೋಗಲಿಲ್ಲ. ನಮ್ಮ ಆರಾಧನಿ ಮುಗೀತಿದ್ದದ್ದ ಇಲ್ಲಿ, ಸಾಹೇಬರ. ಇದು ಚರ್ಚಲ್ಲ ಅನ್ನೂದಾದರ ನನ್ನ ಗ್ವಾಡಿನೂ ಚರ್ಚಲ್ಲ. ನನ್ನ ಹೆಸರೂ ಹೊಡದ ಹಾಕ್ರಿ.”

ಶರಭಯ್ಯನವರು ಅವರನ್ನು ನೋಡಿದರು, ಜಾಲಿಯನ್ನು ನೋಡಿದರು. ಅವರೂ ಸಣ್ಣವರಿದ್ದಾಗ ಸಂಡೇ ಸ್ಕೂಲಿನ ಕಿಟಕಿಯ ಹೊರಗೆ ನಿಂತು ಬಿಸ್ಕತ್ತು ಇಸಿದುಕೊಂಡವರೇ ಎಂದು ಆಮೇಲೆ ಗೊತ್ತಾಯಿತು. ಟೇಪು ಬಿಚ್ಚಿ, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಶೆಡ್ಡು ಎಲ್ಲಿಂದ ಎಲ್ಲಿಯವರೆಗೆ ಇತ್ತು ತೋರಿಸ್ರಿ ಎಂದರು. ನಾನು ಕಣ್ಣು ಮುಚ್ಚಿ ತೋರಿಸಿದೆ. ಮೂಲೆ ಮೂಲೆಗೂ ಮೈ ತಾಗುತ್ತಿತ್ತು. ಹಾಗೆ, ಕೆಡವಿದ ಮೇಲೆ ನಮ್ಮ ಚರ್ಚು ಇದ್ದುದಕ್ಕಿಂತ ದೊಡ್ಡದಾಯಿತು, ರಸ್ತೆ ಇನ್ನಷ್ಟು ತಿರುಗಿತು. ಲಾರಿಯವರು ಈಗಲೂ ನನ್ನ ಹೆಸರು ಹಿಡಿದು ಬೈಯುತ್ತಾರೆ.

ಜನ ಚದುರಿ, ಟೀಚರು ತಮ್ಮ ಗೋಡೆಗೆ ಮರಳಿದ ಮೇಲೆ ನಾನು ಅವರ ಹತ್ತಿರ ಹೋಗಿ ನಿಂತೆ. ಬೆಳಿಗ್ಗೆ ಯಾಕೆ ಗುಡಿಸಿದಿರಿ ಎಂದು ಕೇಳಿದೆ. ಗೋಡೆ ಹೋಗಿದ್ದರೆ ಏನು ಗತಿಯಾಗುತ್ತಿತ್ತು ಎಂದೆ. ಅವರು ಬೆನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿಕೊಂಡರು.

“ಸುಳ್ಳಿನ ಗ್ವಾಡಿಗೆ ಒರಗಿ ಕೂಡಾಕ ನನಗ ಆಗೂದಿಲ್ಲಪಾ,” ಎಂದರು. ಕಣ್ಣು ತೆರೆಯದೆಯೇ, “ಮತ್ತ ನೀ ದಿನಾ ಮೂಗು ಹೊಡಕೊಳ್ತಿದ್ದೆಲ್ಲ, ಅದು ಗ್ವಾಡಿ ಅಲ್ಲ. ಅಲ್ಲಿ ಕಿಡಕಿ ಇತ್ತು. ತೆರೆದದ್ದ ಇರ್ತಿತ್ತು,” ಎಂದರು.

ಅಂದರೆ ಅಷ್ಟು ವರ್ಷ, ನೆಂಟರ ಮುಂದೆ, ಪಾಸ್ಟರ ಮುಂದೆ, ಊರಿನ ಮುಂದೆ, ನಾನು ತೆರೆದ ಕಿಟಕಿಗೆ ಮೂಗು ಬಡಿದುಕೊಂಡು ಗೊಣಗಿದ್ದೆ, ಟೀಚರು ನೋಡುತ್ತಾ ಕೂತಿದ್ದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಗುಡಿಸಿ ಇಟ್ಟ ಹುಣಸೆಬೀಜವನ್ನು ಅವರು ಸೆರಗಿಗೆ ಕಟ್ಟಿಕೊಂಡು ಹೋದರು. ಮುಂದಿನ ಭಾನುವಾರ ಅದನ್ನೇ ಹುರಿದು ತಂದು, ತಗೋ, ನಿನ್ನ ಗೋಡೆ ತಿನ್ನು ಎಂದು ನನ್ನ ಅಂಗೈಗೆ ಹಾಕಿದರು. ಹಲ್ಲು ಗಟ್ಟಿಯಿದ್ದಷ್ಟು ಹೊತ್ತು ತಿಂದೆ.

ಈಗ ನಾನು ಮುಂದಿನ ಬೆಂಚಿನ ಕಥೆ ಹೇಳುವುದಿಲ್ಲ. ಹೇಳಿದರೂ ನಂಬುವವರಿಲ್ಲ. ಜಾಲಿ ಕಡಿದು, ಕಲ್ಲು ಹೂಡಿ, ಭಾನುವಾರ ಅಲ್ಲೇ ಚಹಾ ಕುದಿಸುತ್ತೇನೆ. ಟೀಚರು ಗೋಡೆಗೆ ಒರಗಿ ಕೂತಿರುತ್ತಾರೆ, ಒಮ್ಮೊಮ್ಮೆ ಹಳೆಯ ಕೀರ್ತನೆಯೊಂದನ್ನು ತೆಗೆಯುತ್ತಾರೆ. ಅವರು ಉಸಿರು ಎಳೆದುಕೊಳ್ಳುವ ಸದ್ದು ನನಗೆ ಇಲ್ಲಿಗೆ ಕೇಳುತ್ತದೆ. ಹಳಬರು ಬಂದು ಸೇರುತ್ತಾರೆ, ಚಹಾ ಆಯ್ತೇನೋ ದೇವಮಿತ್ರ ಎಂದು ಕೂಗುತ್ತಾರೆ. ಅವರಿಗೆ ನನ್ನ ತೊಲೆ ತಾಗುವುದಿಲ್ಲ, ನನಗೆ ಟೀಚರ ಗೋಡೆ ತಾಗುವುದಿಲ್ಲ, ಲೋಟ ಮಾತ್ರ ಎಲ್ಲರ ಕೈಗೂ ಬಿಸಿ ತಾಗುತ್ತದೆ. ಕೆಟಲಿ ಹಿಡಿದು ಹೊರಗೆ ಬರುವಾಗ ಪ್ರತಿ ಸಲ ಹಣೆಗೆ ಹೊಡೆಯುತ್ತದೆ. ತೊಲೆ ಎಲ್ಲಿದೆ ಎಂದು ಗೊತ್ತಿದ್ದೂ ಹೊಡೆಸಿಕೊಳ್ಳುತ್ತಾನಲ್ಲ, ಈ ಮುದುಕನಿಗೆ ಬುದ್ಧಿ ಬರುವುದು ಯಾವಾಗ ಎಂದು ಜನ ನಗುತ್ತಾರೆ. ಬಗ್ಗಿದರಾಯಿತಲ್ಲ ಎನ್ನುತ್ತಾರೆ ಪಾಸ್ಟರು. ಬಗ್ಗುತ್ತೇನೆ, ಅದಕ್ಕೇನಂತೆ. ಬಗ್ಗಿ ಬರ್ರಿ ಎನ್ನುವವಳು ಬಂದು ಹೇಳಲಿ.